ಬಂಗಡೆಗೆ ಅಂಟಿಸಿದ ಮೊಗೆಬೀಜ

ಶಾಲೆಗೆ ಬೇಸಿಗೆ ರಜೆ ಬೀಳುವ ಮುಂಚೆಯೇ ಉಮೇಶನಿಗೆ ರಜೆಯ ಚಿಂತೆ ಹತ್ತಿಕೊಂಡಿತ್ತು. ಹೊನ್ನಾವರದ ಕಡೆಯ ಒಂದು ಶಾಲೆಯಲ್ಲಿ ಅವನು ಅತಿಥಿ ಶಿಕ್ಷಕ. ಅತಿಥಿಗೆ ರಜೆಯ ತಿಂಗಳುಗಳಲ್ಲಿ ಕೆಲಸವಿಲ್ಲ, ಮನೆಯಲ್ಲಿರುವುದೇ ಕೆಲಸ. ಹೆಂಡತಿ ಕವಿತಾ ಮುರ್ಡೇಶ್ವರದ ಹೋಟೆಲೊಂದರಲ್ಲಿ ಕೋಣೆಗಳ ಉಸ್ತುವಾರಿ ನೋಡುವವಳು. ಊರಿನ ಮಕ್ಕಳಿಗೆಲ್ಲ ರಜೆ ಬಿದ್ದರೆ ಹೋಟೆಲಿಗೆ ಜನ ಮುಗಿಬೀಳುತ್ತಾರೆ. ಅವಳಿಗೆ ಆಗ ತಲೆ ತುರಿಸಿಕೊಳ್ಳಲೂ ಪುರುಸೊತ್ತಿಲ್ಲ. ತಾಯಿ ಸಣ್ಣಮ್ಮ ಈ ಸಲ ಕುಮಟೆಗೆ ಹೊರಟಿದ್ದಳು. ಮಗಳು ದೀಪಾಳಿಗೆ ಎರಡನೆಯ ಹೆರಿಗೆ, ಆಸ್ಪತ್ರೆ ಹತ್ತಿರ ಎಂದು ಅಲ್ಲೇ ಇಟ್ಟುಕೊಂಡಿದ್ದರು. ಹೀಗಾಗಿ ಎರಡನೆಯ ಕ್ಲಾಸು ಮುಗಿಸಿದ ಅಜಯ, ಅಂಗನವಾಡಿಗೆ ಹೋಗುವ ನಾಗಶ್ರೀ, ಇಬ್ಬರೂ ಕಾಯ್ಕಿಣಿಯ ಮನೆಯಲ್ಲಿ ಉಮೇಶನ ಕೊರಳಿಗೆ ಬಿದ್ದರು.

ಹೊರಡುವ ದಿನ ಸಣ್ಣಮ್ಮ ಕೈಚೀಲ ಹಿಡಿದುಕೊಂಡೇ ಮನೆಯಿಡೀ ಸುತ್ತಿದಳು. ದನಕ್ಕೆ ಅಕ್ಕಚ್ಚು ಯಾವಾಗ, ಕೋಳಿಗೂಡಿನ ಬಾಗಿಲು ಹೇಗೆ ಸಿಕ್ಕಿಸಬೇಕು ಎಂದೆಲ್ಲ ಹೇಳಿದಳು. ಕೊನೆಗೆ ಒಲೆಯ ಹಿಂದಿನ ಗೂಡಿನಲ್ಲಿದ್ದ ಹಳೆಯ ಡಬ್ಬಿಯನ್ನು ಒಮ್ಮೆ ಮುಟ್ಟಿ, "ಮೊಗೆಬೀಜ ಇದ್ರಲ್ಲಿ ಅದೆ. ಮಳೆ ಬೀಳುವ ಹೊತ್ತಿಗೆ ನಾ ಬರ್ತೆ" ಎಂದಷ್ಟೇ ಅಂದಳು.

ಅದಕ್ಕಿಂತ ಹೆಚ್ಚು ಹೇಳುವ ಅಗತ್ಯವಿರಲಿಲ್ಲ. ಆ ಮೊಗೆಕಾಯಿ, ಅಂದರೆ ಸಾರಿನ ಸೌತೆ, ಸಣ್ಣಮ್ಮ ಮದುವೆಯಾಗಿ ಬರುವಾಗ ತವರಿನಿಂದ ಸೆರಗಿನ ತುದಿಗೆ ಕಟ್ಟಿ ತಂದ ತಳಿ. ಹೊಟ್ಟೆಯ ಮೇಲೆ ಹಸಿರು ಗೆರೆ. ಬಾಳೆನಾರಿನಲ್ಲಿ ಕಟ್ಟಿ ಜಂತಿಗೆ ತೂಗುಬಿಟ್ಟರೆ ದೀಪಾವಳಿ ದಾಟಿದರೂ ಕೊಳೆಯದು. ಪೇಟೆಯ ಪ್ಯಾಕೆಟ್ಟು ತಂದು ಬಿತ್ತಿ ನೋಡಿದವರೆಲ್ಲ ಮರುವರ್ಷ ಸಣ್ಣಮ್ಮನ ಅಂಗಳಕ್ಕೇ ಬಂದಿದ್ದರು. ಆದರೆ ಬೀಜ ಒಯ್ದವರು ಕಾಯಿ ತಿಂದು ಮುಗಿಸುವವರೇ ಹೊರತು ಬೀಜ ಎತ್ತಿಡುವವರಲ್ಲ. ಸಣ್ಣಮ್ಮ ಇದ್ದಾಳಲ್ಲ ಎಂಬ ಧೈರ್ಯ. ಹಾಗೆ ನೋಡಿದರೆ ಇಡೀ ಕೇರಿಯ ಮೊಗೆಬೀಜ ಎಂದರೆ ಬೂದಿ ತುಂಬಿದ ಆ ಒಂದು ಡಬ್ಬಿ.

ಬೇರೆ ಯಾರಾದರೂ ಆಗಿದ್ದರೆ ಮಕ್ಕಳನ್ನು ಅಂಗಳಕ್ಕೆ ಬಿಟ್ಟು ತಾವೊಂದು ನಿದ್ದೆ ತೆಗೆಯುತ್ತಿದ್ದರು. ಉಮೇಶನ ಜಾಯಮಾನ ಅದಲ್ಲ. ಮಾಸ್ತರನ ಮಕ್ಕಳೇ ರಜೆಯಿಡೀ ಮೊಬೈಲು ಹಿಡಿದು ಕೂತಿವೆ ಎಂದು ನಾಳೆ ಯಾರಾದರೂ ಅಂದರೆ? ಅದಕ್ಕಾಗಿ ಅವನು ತಾನೇ ಮೊಬೈಲು ಹಿಡಿದು ಕೂತು, ಮನೆಯಲ್ಲೇ ಮಕ್ಕಳಿಗೆ ಬೇಸಿಗೆ ಶಿಬಿರ ನಡೆಸುವ ವಿಡಿಯೋಗಳನ್ನೆಲ್ಲ ನೋಡಿದ. ಕಣ್ಣು ಉರಿಯುವ ತನಕ ನೋಡಿ, ಡ್ರಾಯಿಂಗ್ ಹಾಳೆಯ ಮೇಲೆ ಸ್ಕೇಲು ಇಟ್ಟು ಗೆರೆ ಎಳೆದು ವೇಳಾಪಟ್ಟಿ ಮಾಡಿ ಗೋಡೆಗೆ ಅಂಟಿಸಿದ. ಬೆಳಿಗ್ಗೆ ಯೋಗ, ಆಮೇಲೆ ಕಥೆ, ಹನ್ನೊಂದಕ್ಕೆ ಮುಕ್ತ ಆಟ, ಊಟವಾದ ಮೇಲೆ ಕರಕುಶಲ.

ಕೆಲಸದಿಂದ ಬಂದ ಕವಿತಾ ಬ್ಯಾಗು ಇಳಿಸದೆ ಅದನ್ನು ಪೂರ್ತಿ ಓದಿದಳು.

"ಮಾಸ್ತರ್ರೇ, ಮುಕ್ತ ಆಟ ಹನ್ನೊಂದರಿಂದ ಹನ್ನೊಂದೂವರೆ ಹೇಳಿ ಬರೆದೀರಿ. ಹನ್ನೊಂದೂವರೆ ಆದ್ಮೇಲೆ ಮಕ್ಕಳನ್ನ ಕಂಬಕ್ಕೆ ಕಟ್ಟುದಾ?"

"ಒಂದು ಶಿಸ್ತು ಬೇಡವಾ?"

"ಬೇಕು ಬೇಕು. ನಮ್ಮ ಹೋಟೆಲಲ್ಲೂ ಇಷ್ಟು ಶಿಸ್ತಿಲ್ಲ" ಎಂದು ನಗುತ್ತ ಅವಳು ಒಳಗೆ ಹೋದಳು. ಉಮೇಶ ಆ ಸಂಜೆಯೇ ಮುಕ್ತ ಆಟಕ್ಕೆ ಇನ್ನೊಂದು ಕಾಲು ಗಂಟೆ ಸೇರಿಸಿದ. ಸೇರಿಸಿದ ಮೇಲೆ ಕಥೆಗೆ ಹೊತ್ತು ಸಾಲದಾಯಿತೇನೋ ಎಂದು ಮತ್ತೆ ಕಳೆದ.

ಶಿಬಿರ ಶುರುವಾಯಿತು. ಯೋಗದಲ್ಲಿ ಶವಾಸನ ಮಾಡಿಸಿದರೆ ನಾಗಶ್ರೀ ನಿಜವಾಗಿಯೂ ನಿದ್ದೆಹೋದಳು. ಎಬ್ಬಿಸಬೇಕೋ ಬಿಡಬೇಕೋ ತಿಳಿಯದೆ ಉಮೇಶ ಪಕ್ಕದಲ್ಲಿ ಕೂತು ನೊಣ ಹೊಡೆದ. ಕಥೆ ಹೇಳಿದರೆ ಅಜಯ ಮಧ್ಯದಲ್ಲೇ ಬಾಯಿ ಹಾಕಿ, "ಅಜ್ಜಿ ಹೇಳುವಾಗ ಹುಲಿ ಸಾಯುದಿಲ್ಲ" ಎಂದ. ಕಾಗದದ ದೋಣಿ ಮಾಡಿದರು. ಬಿಡಲು ನೀರಿಲ್ಲ, ಬಾವಿಯಲ್ಲೇ ತಳ ಕಾಣುತ್ತಿತ್ತು. ಖಾಲಿ ಡಬ್ಬಿಗಳಿಗೆ ಬಣ್ಣದ ಕಾಗದ ಸುತ್ತಿ ಪೆನ್ಸಿಲು ಇಡುವ ಡಬ್ಬಿ ಮಾಡುವುದು ಮಾತ್ರ ಚೆನ್ನಾಗಿ ಹಿಡಿಸಿತು. ಮಕ್ಕಳು ಮನೆಯಲ್ಲಿದ್ದ ಡಬ್ಬಿಗೆಲ್ಲ ಬಟ್ಟೆ ತೊಡಿಸುವ ಹುರುಪಿನಲ್ಲಿದ್ದರು.

ಅದರ ಮರುದಿನವೇ ಬೀಜದ ಚಿತ್ರದ ಪಾಳಿ. ರಟ್ಟಿನ ಮೇಲೆ ಚಿತ್ರ ಬರೆದು, ಗೋಂದು ಹಚ್ಚಿ, ಒಳಗೆ ಬಗೆಬಗೆಯ ಬೀಜ ಅಂಟಿಸುವುದು. ವಿಡಿಯೋದಲ್ಲಿ ನವಿಲು ಇತ್ತು. ನಾಗಶ್ರೀ ನವಿಲು ಬೇಡವೆಂದಳು. "ಬಂಗಡೆ ಮಾಡ್ವ ಅಪ್ಪ. ನವಿಲು ಯಾರೂ ತಿಂಬುದಿಲ್ಲ." ಸರಿ, ಬಂಗಡೆ ಮೀನೇ ಆಗಲಿ ಎಂದು ಉಮೇಶ ರಟ್ಟಿನ ತುಂಬ ದೊಡ್ಡ ಬಂಗಡೆ ಬರೆದು, "ಮನೆಯಲ್ಲಿ ಎಂತೆಂತ ಬೀಜ ಸಿಗ್ತದೆ ತನ್ನಿ" ಎಂದು ಇಬ್ಬರನ್ನೂ ಓಡಿಸಿದ.

ಓಡಿಸಿದ ಕ್ಷಣದಿಂದ ಅವನಿಗೆ ಒಂದೇ ಹೆದರಿಕೆ: ಚಿಕ್ಕ ಮಕ್ಕಳು ಬೀಜವನ್ನು ಮೂಗಿಗೆ ತುರುಕಿಕೊಂಡರೆ? ಅಜಯ ಬೇಲಿಯಿಂದ ಗುಲಗಂಜಿ ತಂದಾಗ ವಿಷ ವಿಷ ಎಂದು ಕಿರುಚಿ ಹಿತ್ತಲಾಚೆ ಎಸೆಸಿ ಕೈ ತೊಳೆಸಿದ. ಮೆಂತೆ, ಕೊತ್ತಂಬರಿ, ತೊಗರಿ, ಬೆಂಡೆಬೀಜ ಬಂದವು. ನಾಗಶ್ರೀ ಬಟ್ಟಲು ತುಂಬ ಬಿಳಿಬಿಳಿಯ ಚಪ್ಪಟೆ ಬೀಜ ತಂದು, "ಇದು ಕೊಳಕಾಗಿತ್ತು ಅಪ್ಪ, ನಾನೇ ತೊಳೆದು ತಂದೆ" ಎಂದಳು.

"ಭಪ್ಪರೆ! ಸ್ವಚ್ಛತೆ ಅಂದ್ರೆ ಹೀಗಿರಬೇಕು" ಎಂದು ಉಮೇಶ ಅವಳ ಬೆನ್ನು ತಟ್ಟಿದ. ತಟ್ಟುವಾಗಲೂ ಅವನ ಕಣ್ಣು ಇದ್ದದ್ದು ಅವಳ ಮೂಗಿನ ಹೊಳ್ಳೆಗಳ ಮೇಲೆ. ಬಟ್ಟಲಿನೊಳಗೆ ಏನಿದೆ ಎಂದು ಅವನು ನೋಡಲೇ ಇಲ್ಲ.

ಬಂಗಡೆ ಬಹಳ ಚಂದ ಬಂತು. ಬಿಳಿಯ ಬೀಜ ಸಾಲಾಗಿ ಕೂತು ಮೈತುಂಬ ಹೊಳೆಯುವ ಪೊರೆಯಾಯಿತು. ಉಮೇಶ ಫೋಟೋ ತೆಗೆದು ಕವಿತಾಳಿಗೆ ಕಳಿಸಿದ. "ಸಾರಿಗೆ ಹಾಕಿ, ಬರ್ತೆ" ಎಂದು ಉತ್ತರ ಬಂತು.

ಮರುದಿನ ಸಂಜೆ ಕುಮಟೆಯಿಂದ ಫೋನು. ದೀಪಾಳಿಗೆ ಗಂಡುಮಗು, ಇಬ್ಬರೂ ಸೌಖ್ಯ. ಸುದ್ದಿಯೆಲ್ಲ ಮುಗಿದ ಮೇಲೆ ಸಣ್ಣಮ್ಮ, "ಮತ್ತೆ, ಬೀಜದ ಡಬ್ಬಿ ಒಂದು ಸಲ ಬಿಸಿಲಿಗೆ ಇಡು ಮಗಾ. ಹೊರಡುವ ಗಡಿಬಿಡಿಯಲ್ಲಿ ಮರ್ತೆ" ಎಂದಳು.

"ಆತು ಅವ್ವಿ, ಈಗಲೇ ತೆಗೆದಿಡ್ತೆ" ಎಂದು ಫೋನಿಟ್ಟು ಉಮೇಶ ಒಲೆಯ ಹಿಂದಕ್ಕೆ ಕೈ ಹಾಕಿದ. ಗೂಡು ಖಾಲಿ. ಅಡುಗೆಮನೆಯೆಲ್ಲ ಹುಡುಕಿದ. ಕೊನೆಗೆ ಡಬ್ಬಿ ಸಿಕ್ಕಿದ್ದು ಅವನದೇ ಮೇಜಿನ ಮೇಲೆ. ಮೈಗೆ ಗುಲಾಬಿ ಕಾಗದ ಸುತ್ತಿಕೊಂಡು, ಹೊಟ್ಟೆಯಲ್ಲಿ ಬಣ್ಣದ ಪೆನ್ಸಿಲು ತುಂಬಿಕೊಂಡು, ಎದೆಯ ಮೇಲೆ 'ಅಪ್ಪ' ಎಂದು ಬರೆಸಿಕೊಂಡು ನಿಂತಿತ್ತು.

ಉಮೇಶ ನಿಧಾನವಾಗಿ ತಿರುಗಿ ಗೋಡೆಯ ಮೇಲಿನ ಬಂಗಡೆಯನ್ನು ನೋಡಿದ. ಬಂಗಡೆಯೂ ಬೆಂಡೆಬೀಜದ ಒಂದೇ ಕಣ್ಣಿನಿಂದ ಅವನನ್ನು ನೋಡಿತು.

ಅವನು ಮೊದಲು ಓಡಿದ್ದು ಪಕ್ಕದ ಮನೆಯ ಮಾಬ್ಲಣ್ಣನಲ್ಲಿಗೆ. ಏನೂ ಆಗಿಲ್ಲವೆಂಬ ಮುಖ ಮಾಡಿ, "ಮಾಬ್ಲಣ್ಣ, ನಿಮ್ಮಲ್ಲಿ ಮೊಗೆಬೀಜ ಇತ್ತಾ?" ಎಂದು ಕೇಳಿದ.

"ನಾವು ನಿಮ್ಮನೆಯಿಂದ ತರುದಲ್ದಾ ಮಾರಾಯ? ಈ ಸಲ ಸಣ್ಣಕ್ಕ ಯಾವಾಗ ಬರ್ತದೆ ಹೇಳಿ ನಮ್ಮವಳು ಕೇಳ್ತಾ ಇತ್ತು." ಮಾಬ್ಲ ಅವನ ಮುಖವನ್ನೇ ನೋಡಿದ. "ಎಂತ ಆತು? ಇಲಿ ತಿಂತಾ?"

"ಇಲಿ ಅಲ್ಲ" ಎಂದ ಉಮೇಶ. ಅಷ್ಟರಲ್ಲಿ ಹಿಂದೆಯೇ ಬಂದಿದ್ದ ಅಜಯ, "ಬಂಗಡೆಗೆ ಅಂಟಿಸಿದೇವೆ" ಎಂದುಬಿಟ್ಟ. ಮಾಬ್ಲನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ನಗು ನಿಲ್ಲಲು ಇನ್ನೂ ಹೆಚ್ಚು ಹೊತ್ತು ಹಿಡಿಯಿತು. ನಕ್ಕು ಕಣ್ಣೊರೆಸಿಕೊಂಡು, "ಸಣ್ಣಕ್ಕನ ಹತ್ರ ನಾ ಹೇಳುದಿಲ್ಲ ಮಾಸ್ತರ, ನನಗೂ ಜೀವದ ಮೇಲೆ ಆಸೆ ಅದೆ" ಎಂದ.

ಮನೆಗೆ ಬಂದು ಉಮೇಶ ರಟ್ಟನ್ನು ಕೆಳಗಿಳಿಸಿ, ಚಾಕುವಿನ ತುದಿಯಿಂದ ಬೀಜ ಎಬ್ಬಿಸಲು ಕೂತ. ಒಂದು ಒಡೆಯಿತು, ಇನ್ನೊಂದು ಹಾರಿ ಎಲ್ಲೋ ಹೋಯಿತು. ತಮ್ಮ ಬಂಗಡೆಯನ್ನು ಅಪ್ಪ ಕೊಲ್ಲುತ್ತಿದ್ದಾನೆಂದು ಮಕ್ಕಳಿಬ್ಬರೂ ಗೋಳೋ ಎಂದು ಅಳತೊಡಗಿದರು. ಅದೇ ಹೊತ್ತಿಗೆ ಕವಿತಾ ಬಂದಳು. ಬಾಗಿಲಲ್ಲೇ ನಿಂತು ನೋಡಿದಳು.

"ಬಂಗಡೆ ಪೊರೆ ತೆಗೆಯುಕೆ ನನ್ನ ಕರೀಬೇಕಿತ್ತು ಅಲ್ದಾ?"

ಉಮೇಶ ನಗಲಿಲ್ಲ. ಡಬ್ಬಿ ತೋರಿಸಿದ. ಕವಿತಾಳ ನಗುವೂ ನಿಂತಿತು. ಅತ್ತೆಯ ಆ ಡಬ್ಬಿ ಎಂದರೆ ಏನೆಂದು ಅವಳಿಗೂ ಗೊತ್ತಿತ್ತು.

"ಎಲ್ಲಾ ಹಾಕಿದ್ರಾ? ಒಂದೂ ಬಿಡದೆ?"

"ಬಾಲಕ್ಕೆ ಸ್ವಲ್ಪ ಕಡಿಮೆ ಬಿತ್ತು" ಎಂದಳು ನಾಗಶ್ರೀ ಬಿಕ್ಕುತ್ತಲೇ.

ಕವಿತಾ ದೊಡ್ಡ ಪಾತ್ರೆಗೆ ನೀರು ಸುರಿದು ರಟ್ಟನ್ನೇ ಮುಳುಗಿಸಿಟ್ಟಳು. ಗೋಂದು ಮೆತ್ತಗಾಗಿ ಒಂದೊಂದೇ ಬೀಜ ಜಾರಿ ತಳಕ್ಕೆ ಇಳಿಯಿತು. ಕೈಯಲ್ಲಿ ಉಜ್ಜಿ ಉಜ್ಜಿ ಅಂಟು ತೆಗೆದರು. ಬೀಜವೇನೋ ಕೈಗೆ ಬಂತು. ಆದರೆ ಒಮ್ಮೆ ತೊಳೆಸಿಕೊಂಡು, ಗೋಂದಿನಲ್ಲಿ ಒಣಗಿ, ಮತ್ತೆ ಇಷ್ಟು ಹೊತ್ತು ನೆನೆದ ಬೀಜವನ್ನು ತಿರುಗಿ ಕಟ್ಟಿಡಲು ಬರುವುದಿಲ್ಲ ಎಂಬುದು ಗದ್ದೆಯ ಬದುವಿನಲ್ಲೇ ಬೆಳೆದ ಉಮೇಶನಿಗೆ ಚೆನ್ನಾಗಿ ಗೊತ್ತಿತ್ತು. ಹಾಕುವುದಾದರೆ ಈಗಲೇ ಹಾಕಬೇಕು. ನೆಲ ಹೆಂಚಿನಂತೆ ಕಾದಿರುವ ಈ ಬೇಸಿಗೆಯಲ್ಲಿ, ಮಳೆಯ ಸುಳಿವೇ ಇಲ್ಲದಾಗ. ಹುಟ್ಟಿದರೆ ಅವ್ವಿಯ ತಳಿ ಉಳಿಯಿತು. ಹುಟ್ಟದಿದ್ದರೆ ಕೇರಿಯಲ್ಲಿ ಇನ್ನು ಆ ಮೊಗೆಕಾಯಿ ಇಲ್ಲ, ಅಷ್ಟೆ.

ಬೆಳಗಾಗುತ್ತಲೇ ಬಾವಿಕಟ್ಟೆಯ ಪಕ್ಕ ಅಗೆದು ಗುಣಿ ಮಾಡಿದರು. ಗೊಬ್ಬರ ಬೆರೆಸಿ ಬೀಜ ಊರಿ, ಮೇಲೆ ತೆಂಗಿನ ಗರಿ ಮುಚ್ಚಿದರು. ಅಜಯ ತನ್ನ ಗುಣಿ ಇದು ಎಂದು ಕೋಲು ನೆಟ್ಟ. ನಾಗಶ್ರೀ ಅದೇ ತನ್ನದೆಂದು ಕೋಲು ಕಿತ್ತಳು. ಕವಿತಾ ಹೊರಡುವ ಮುಂಚೆ, "ಸ್ನಾನದ ನೀರು, ಪಾತ್ರೆ ತೊಳೆದ ನೀರು ಒಂದು ಹನಿ ಹೊರಗೆ ಚೆಲ್ಲುಕಿಲ್ಲ, ಎಲ್ಲಾ ಇಲ್ಲಿಗೇ. ಸೋಪು ಬೇಡ, ಸೀಗೆಯಲ್ಲಿ ಮೀಯಿರಿ" ಎಂದು ಹುಕುಂ ಮಾಡಿ ಹೋದಳು.

ಅಂದಿನಿಂದ ವೇಳಾಪಟ್ಟಿಯ ಕಡೆ ಯಾರೂ ತಿರುಗಿ ನೋಡಲಿಲ್ಲ. ಬೆಳಿಗ್ಗೆ ನೀರು, ಸಂಜೆ ನೀರು. ಹಗ್ಗ ಉದ್ದ ಮಾಡಿ ಉಮೇಶ ಸೇದಿದರೆ, ಮಕ್ಕಳು ಚೊಂಬಿನಲ್ಲಿ ಹೊತ್ತು ಅರ್ಧ ತಮ್ಮ ಕಾಲಿಗೇ ಹೊಯ್ದುಕೊಂಡು ಉಳಿದರ್ಧ ಗುಣಿಗೆ ಹಾಕುವರು. ನಡುವೆ ಹೊತ್ತು ಸಿಕ್ಕಾಗಲೆಲ್ಲ ನಾಗಶ್ರೀ ಗರಿ ಎತ್ತಿ ಇಣುಕುವಳು. ಉಮೇಶ ಬೈಯುವನು. ಅವಳು ಆಚೆ ಹೋದ ಮೇಲೆ ತಾನೇ ಗರಿ ಎತ್ತಿ ಇಣುಕುವನು.

ಸಣ್ಣಮ್ಮನ ಫೋನು ಬಂದಾಗ ಮಾತ್ರ ಅವನು ಮಕ್ಕಳಿಂದ ದೂರ ಸರಿದು ಮಾತಾಡುತ್ತಿದ್ದ.

"ಬೀಜ ಬಿಸಿಲಿಗೆ ಇಟ್ಯಾ ಮಗಾ?"

"ಬಿಸಿಲಲ್ಲೇ ಅದೆ ಅವ್ವಿ."

ಸುಳ್ಳೇನೂ ಹೇಳಲಿಲ್ಲವಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಆ ಸಮಾಧಾನ ಊಟದ ತನಕವೂ ಬಾಳಲಿಲ್ಲ. ಹೇಳಿಬಿಡಬೇಕು, ಆದರೆ ಹಸಿ ಬಾಣಂತಿಯ ಮನೆಯಲ್ಲಿ ಅವ್ವಿಯ ಮನಸ್ಸು ಕೆಡಿಸುವುದೇ? ಇದು ನಿಜವಾದ ಕಾರಣವೋ, ತನ್ನ ಹೆದರಿಕೆಗೆ ತೊಡಿಸಿದ ಬಣ್ಣದ ಕಾಗದವೋ ಎಂದು ಅವನಿಗೇ ಅನುಮಾನ. ಒಮ್ಮೆ ನಾಗಶ್ರೀ ಫೋನು ಕಸಿದು, "ಅಜ್ಜೀ, ಬಂಗಡೆ ಇನ್ನೂ ಹುಟ್ಟಲಿಲ್ಲ!" ಎಂದು ದೂರು ಹೇಳಿದಳು. ಬಂಗಡೆ ಸಮುದ್ರದಲ್ಲಿ ಹುಟ್ಟುವುದು ಪುಟ್ಟಾ ಎಂದು ಅಜ್ಜಿ ಆಚೆಯಿಂದ ಪಾಠ ಹೇಳಿದಳು. ಉಮೇಶ ಬಾವಿಕಟ್ಟೆಗೆ ಒರಗಿ ಬೆವರು ಒರೆಸಿಕೊಂಡ.

ಇನ್ನು ಹುಟ್ಟುವುದಿಲ್ಲವೆಂದು ಉಮೇಶ ಆಸೆ ಬಿಟ್ಟಿದ್ದ ಬೆಳಿಗ್ಗೆಯೇ ಅಜಯ ಕೂಗಿದ್ದು. ಗುಣಿಯಲ್ಲಿ ಮಣ್ಣು ಬಿರಿದು, ಬೀಜದ ಸಿಪ್ಪೆಯನ್ನು ಟೋಪಿಯಂತೆ ತಲೆಯ ಮೇಲೆ ಹೊತ್ತ ಒಂದು ಮೊಳಕೆ. ಎರಡು ದಿನದಲ್ಲಿ ಅಲ್ಲೊಂದು ಇಲ್ಲೊಂದು ಮತ್ತಷ್ಟು. ಹೆಚ್ಚಿನ ಗುಣಿಗಳು ಬೋಳಾಗಿಯೇ ಉಳಿದವು. ಹುಟ್ಟಿದವುಗಳಲ್ಲೂ ಕೆಲವನ್ನು ಮಾಬ್ಲನ ಹೇಂಟೆ ಕೆದರಿ ತಿಂದಿತು. ಆಮೇಲೆ ಮಕ್ಕಳು ಪಾಳಿ ಹಚ್ಚಿ ಕೋಲು ಹಿಡಿದು ಕಾವಲು ಕೂತರು. ಹೇಂಟೆ ಬಂದರೆ ಓಡಿಸಬೇಕು, ಹೊಡೆಯಬಾರದು ಎಂದು ಉಮೇಶ ಕಾವಲುಗಾರರಿಗೆ ತರಬೇತಿ ಕೊಟ್ಟ. ಮೇ ತಿಂಗಳು ಮುಗಿಯುವ ಹೊತ್ತಿಗೆ ನಾಲ್ಕೈದು ಬಳ್ಳಿ ಉಳಿದು, ಒಣ ಕಡ್ಡಿಯ ಜಿಗ್ಗಿನ ಮೇಲೆ ಹಬ್ಬಿ ಹಳದಿ ಹೂ ಬಿಟ್ಟಿದ್ದವು. ಉಳಿದ ಮೇಲಾದರೂ ಫೋನಿನಲ್ಲಿ ಹೇಳಬಹುದಿತ್ತು. ನಾಳೆ ಹೇಳುತ್ತೇನೆ ಎಂದು ಉಮೇಶ ದಿನ ದೂಡಿದ.

ಹಾಗೆ ದೂಡುತ್ತಿರುವಾಗಲೇ ಸಣ್ಣಮ್ಮ ರೈಲು ಹತ್ತಿ ಬಂದಳು. ಮುರ್ಡೇಶ್ವರದ ಸ್ಟೇಶನ್ನಿನಿಂದ ರಿಕ್ಷಾದಲ್ಲಿ ಬಂದವಳು ಕಾಲು ತೊಳೆಯಲೆಂದು ನೇರ ಬಾವಿಕಟ್ಟೆಗೆ ಹೋದಳು. ಹೋದವಳು ಅಲ್ಲೇ ನಿಂತಳು. ಕೇರಿಯಲ್ಲಿ ಯಾರೂ ಇನ್ನೂ ನೆಲ ಅಗೆಯದ ಹೊತ್ತಿನಲ್ಲಿ ಹೂ ಬಿಟ್ಟ ಮೊಗೆಬಳ್ಳಿ! ಅವಳು ಬಗ್ಗಿ ಎಲೆ ಮುಟ್ಟಿದಳು. ತನ್ನ ಬಳ್ಳಿಯ ಗುರುತು ಅವಳಿಗೆ ಸಿಗದೆ ಇರಲಿಲ್ಲ.

ಉಮೇಶ ಹಿಂದೆ ಬಂದು ನಿಂತ. ಮೂರು ಬಗೆಯಲ್ಲಿ ಮಾತು ಜೋಡಿಸಿಟ್ಟುಕೊಂಡಿದ್ದ. ಒಂದೂ ನೆನಪಿಗೆ ಬರಲಿಲ್ಲ. ಶಿಬಿರದಿಂದ ಶುರುಮಾಡಿ ಗೋಂದು, ಪಾತ್ರೆ, ಹೇಂಟೆ ಎಲ್ಲವನ್ನೂ ಹೇಳಿದ. "ಫೋನಲ್ಲಿ ಹೇಳುಕೆ ಧೈರ್ಯ ಬರ್ಲಿಲ್ಲ ಅವ್ವಿ. ಡಬ್ಬಿಯಲ್ಲಿ ಈಗ ಒಂದು ಬೀಜವೂ ಇಲ್ಲ."

"ಬೂದಿ ತೊಳೆದದ್ದು ನಾನು!" ಎಂದು ನಾಗಶ್ರೀ ಮುಂದೆ ಬಂದು ತನ್ನ ಪಾಲಿನ ಹೆಸರು ತೆಗೆದುಕೊಂಡಳು.

ಸಣ್ಣಮ್ಮ ಅವಳ ತಲೆ ಸವರಿ, ಮಗನನ್ನು ನೋಡಿದಳು. "ಅದು ಐದು ವರ್ಷದ ಕೂಸು. ನಿನಗೆ ಎಷ್ಟಾತು?"

ಅಷ್ಟೇ. ಆಮೇಲೆ ಅವಳು ಮಗನ ಜೊತೆ ಮಾತು ಬಿಟ್ಟಳು. ಕುಮಟೆಯ ಕೂಸಿನ ಸುದ್ದಿಯೆಲ್ಲ ಕವಿತಾಳಿಗೆ, ತಂದ ಬಾಳೆಹಣ್ಣಿನ ಹಲ್ವ ಮಕ್ಕಳಿಗೆ. ಉಮೇಶ ಅದೇ ಜಗಲಿಯ ಮೇಲೆ, ಕೈಗೆಟಕುವಷ್ಟು ದೂರದಲ್ಲಿ ಕೂತಿದ್ದರೂ, "ನಾಗಶ್ರೀ, ನಿನ್ನ ಅಪ್ಪನ ಹತ್ರ ಹೇಳು, ದನಕ್ಕೆ ಹುಲ್ಲು ಹಾಕಿ ಬರ್ಲಿ" ಎಂದಳು.

ನಾಗಶ್ರೀ ಎದ್ದು ಎರಡು ಹೆಜ್ಜೆ ನಡೆದು, "ಅಪ್ಪಾ, ದನಕ್ಕೆ ಹುಲ್ಲು ಹಾಕುಕಂತೆ" ಎಂದಳು.

"ಹಾಕಿ ಆತು ಹೇಳು" ಎಂದ ಉಮೇಶ.

ಉತ್ತರ ಒಯ್ಯುವ ಕೆಲಸ ತನ್ನದೆಂದು ಅಜಯ ಹಾರಿ ಎದ್ದ. ಹೋಗುವ ಸುದ್ದಿ ತಂಗಿಯದು, ಬರುವ ಸುದ್ದಿ ಅಣ್ಣನದು ಎಂದು ಜಗಳವಾಡದೆ ಹಂಚಿಕೊಂಡರು. ಉಮೇಶ ಸ್ಕೇಲು ಹಿಡಿದು ಗೆರೆ ಎಳೆದ ಒಂದು ಆಟದಲ್ಲೂ ಅವರಿಗೆ ಇಷ್ಟು ಉತ್ಸಾಹ ಬಂದಿರಲಿಲ್ಲ. ಅನ್ನ ಬೇಕಾ ಕೇಳು, ಸಾಕು ಹೇಳು, ಲೈಟು ಆರಿಸುಕೆ ಹೇಳು. ಮಲಗುವ ಹೊತ್ತಿಗೆ ಸುದ್ದಿಗೆ ಕೈಕಾಲು ಮೂಡತೊಡಗಿತ್ತು.

"ಅಪ್ಪಾ, ನಿನಗೆ ಬುದ್ಧಿ ಇಲ್ವಂತೆ."

"ಅಜ್ಜಿ ಚಾಪೆ ಹಾಸುಕೆ ಹೇಳಿದ್ದು. ನನಗೂ ಕೇಳಿತು."

"ಹೇಳುವಾಗ ಅದೂ ಸೇರಿತ್ತು" ಎಂದಳು ನಾಗಶ್ರೀ.

ಕವಿತಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಓಡಿದಳು. ಉಮೇಶ ಮಾತ್ರ ಮೆಲ್ಲಗೆ, "ಅಜ್ಜಿಯ ಸಿಟ್ಟು ಇಳೀತಾ ಕೇಳು" ಎಂದ. ಸುದ್ದಿ ಹೋಯಿತು. "ಇನ್ನೂ ಇಲ್ಲಾ ಹೇಳು" ಎಂದು ಬಂತು.

ಬೆಳಿಗ್ಗೆ ಅವನು ಏಳುವಾಗ ಸಣ್ಣಮ್ಮ ಆಗಲೇ ಬಳ್ಳಿಗಳ ನಡುವೆ ಕುಕ್ಕರಗಾಲಲ್ಲಿ ಕೂತಿದ್ದಳು. ಒಂದೊಂದೇ ಎಲೆ ಸರಿಸಿ ನೋಡುತ್ತಿದ್ದಳು. ಉಮೇಶ ಹೋಗಿ ಸ್ವಲ್ಪ ದೂರದಲ್ಲಿ ಕೂತ. ಒಂದು ಎಲೆಯ ಅಡಿಯಲ್ಲಿ ಅವಳ ಕೈ ನಿಂತಿತು. ಬಾಡಿದ ಹೂವನ್ನು ಮೂಗಿನ ತುದಿಗೆ ಇಟ್ಟುಕೊಂಡ, ಹೆಬ್ಬೆರಳಿನಷ್ಟು ಉದ್ದದ ಒಂದು ಹೀಚು. ಮೈಮೇಲೆ ಬಿಳಿಯ ನವಿರು. ಆಗಲೇ ಸಣ್ಣಗೆ ಹಸಿರು ಗೆರೆ.

"ಉಮೇಶಾ" ಎಂದಳು ಸಣ್ಣಮ್ಮ.

"ಆಂ ಅವ್ವಿ?"

"ಒಂದು ಹುಲ್ಲಿನ ಎಳೆ ಕೊಡು."

ಅವನು ಕೊಟ್ಟ. ಹೀಚಿನ ಹಿಂದಿನ ಗಂಟಿಗೆ ಅವಳು ಅದನ್ನು ಸಡಿಲವಾಗಿ ಸುತ್ತಿ ಕಟ್ಟಿದಳು. ಹುಲ್ಲು ಕಟ್ಟಿದ ಕಾಯಿ ಬೀಜದ್ದು. ಅದನ್ನು ಆ ಮನೆಯಲ್ಲಿ ಯಾರೂ ಕೊಯ್ಯುವುದಿಲ್ಲ, ಎಷ್ಟೇ ನೆಂಟರು ಬರಲಿ. "ಇದು ಹಣ್ಣಾಗುವ ಹೊತ್ತಿಗೆ ಮಳೆ ಜೋರಾಗಿರ್ತದೆ. ಕೊಳೆತರೂ ಕೊಳೀತು. ಅಡಿಗೆ ಹಲಗೆ ಕೊಟ್ಟು, ಮೇಲೆ ಗರಿ ಕಟ್ಟು. ಗೋಂದಿಗೇ ಹೆದರದ್ದು ಮಳೆಗೆ ಹೆದರ್ತದಾ ಕಾಣ್ವ."

"ಕೇರಿಯವರು ಬೀಜ ಕೇಳಿದ್ರೆ?"

"ಈ ವರ್ಷ ಇಲ್ಲ ಹೇಳ್ತೆ. ಎಂತಕ್ಕೆ ಇಲ್ಲ ಹೇಳಿ ನೀನೇ ಹೇಳು. ಮಾಬ್ಲ ಆಗಲೇ ಅರ್ಧ ಊರಿಗೆ ಹೇಳಿಯಾತು, ರಿಕ್ಷಾದವನೇ ನನ್ನ ಕೇಳಿದ, ನಿಮ್ಮನೆ ಬಂಗಡೆ ಬಳ್ಳಿಯಲ್ಲಿ ಬಿಡ್ತದಂತೆ ಹೌದಾ ಹೇಳಿ."

ಉಮೇಶನ ಮುಖ ಕೆಂಪಾಯಿತು. ಆದರೂ ನಗು ಬಂತು. ಸಣ್ಣಮ್ಮ ನಗಲಿಲ್ಲ, ತುಟಿಯ ಒಂದು ಮೂಲೆ ಮಾತ್ರ ಅಲುಗಿತು.

ಅಷ್ಟರಲ್ಲಿ ಹಲ್ಲುಪುಡಿಯ ಬಾಯಿಯಲ್ಲೇ ಓಡಿಬಂದ ನಾಗಶ್ರೀ ಇಬ್ಬರನ್ನೂ ನೋಡಿ ನಿಂತಳು. ಅವಳ ಮುಖ ಸಣ್ಣದಾಯಿತು.

"ಅಜ್ಜೀ! ನೀ ಅಪ್ಪನ ಹತ್ರ ಸೀದಾ ಮಾತಾಡಿದ್ಯಾ?"

ಹಿಂದೆ ಬಂದ ಅಜಯನಿಗೂ ಅನ್ಯಾಯವೆನಿಸಿತು. "ಹಾಗಾದ್ರೆ ಇವತ್ತು ನಾವು ಎಂತ ಮಾಡುದು?"

ಉಮೇಶ ಬಾಯಿ ತೆರೆದ. "ನೀವು ಸುಮ್ಮನಿರಿ ಮಾಸ್ತರ್ರೇ" ಎಂದು ಅಡುಗೆಮನೆಯ ಕಿಟಕಿಯಿಂದ ಕವಿತಾಳ ಧ್ವನಿ ಬಂತು.

ಸಣ್ಣಮ್ಮ ಮೊಮ್ಮಗಳ ಮುಖವನ್ನೊಮ್ಮೆ ನೋಡಿದಳು. ಮಗನ ಕಡೆಗಿದ್ದ ಕತ್ತನ್ನು ಪೂರ್ತಿ ಆಚೆಗೆ ತಿರುಗಿಸಿ ಗಂಭೀರವಾಗಿ ಕೂತಳು.

"ಆತು. ನಿನ್ನ ಅಪ್ಪನ ಹತ್ರ ಹೇಳು, ಒಂದು ಹಲಗೆ ತರ್ಲಿ."

ಉಮೇಶ ಏಳಲಿಲ್ಲ. ಸುದ್ದಿ ತನ್ನ ತನಕ ಬರಲಿ ಎಂದು ಕಾದು ಕೂತ.